ಮಸಣದಲ್ಲೊಂದು ಹೋಟೆಲು: ‘ದಿ ಶ್ರೌಡ್ಸ್’ ಚಿತ್ರದ ಪ್ರಕರಣ

ಹೆಂಡತಿ ತೀರಿಕೊಂಡು ವರ್ಷಗಳಾದ ಗಂಡಸೊಬ್ಬ ಹೊಸದಾಗಿ ಪರಿಚಯವಾದ ಹೆಂಗಸನ್ನು ಊಟಕ್ಕೆ ಕರೆದಿದ್ದಾನೆ. ಹೋಟೆಲು ಸೊಗಸಾಗಿದೆ, ಅವನ ಕಪ್ಪು ಸೂಟಿಗೆ ಒಂದು ಸುಕ್ಕೂ ಇಲ್ಲ, ಮಾತು ಮೆದು. ಆದರೆ ಹೋಟೆಲಿಗೆ ಅಂಟಿಕೊಂಡೇ ಗೋರಿಗಳ ಸಾಲು. ಹೋಟೆಲು ಅವನದೇ, ಸ್ಮಶಾನದಲ್ಲೂ ಅವನಿಗೆ ಪಾಲಿದೆ. ಊಟವಾದ ಮೇಲೆ ಅವಳನ್ನು ಒಂದು ಗೋರಿಯ ಹತ್ತಿರ ಕರೆದೊಯ್ದು ಕಲ್ಲಿನಲ್ಲಿ ಕೂರಿಸಿರುವ ಪರದೆಯನ್ನು ತೋರಿಸುತ್ತಾನೆ. ಮಣ್ಣಿನಡಿ ಅವನ ಹೆಂಡತಿಯ ದೇಹ ಕೊಳೆಯುತ್ತಿರುವುದು ಅದರಲ್ಲಿ ನೇರಪ್ರಸಾರವಾಗುತ್ತಿದೆ. ಗಂಡನ ಕಣ್ಣಿಗೆ ಅದರಲ್ಲಿ ಅಸಹ್ಯವೇನೂ ಇಲ್ಲ. ಮಕ್ಕಳ ಫೋಟೊ ತೋರಿಸುವಷ್ಟೇ ಸಹಜವಾಗಿ ತೋರಿಸುತ್ತಾನೆ. ಆ ಹೆಂಗಸಿನ ಜತೆ ಸಂಬಂಧ ಮುಂದುವರಿಯುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕೆನಡಾದ ಡೇವಿಡ್ ಕ್ರೋನೆನ್‌ಬರ್ಗ್ ಬರೆದು ನಿರ್ದೇಶಿಸಿದ ‘ದಿ ಶ್ರೌಡ್ಸ್’ ಶುರುವಾಗುವುದು ಹೆಚ್ಚುಕಡಿಮೆ ಹೀಗೆ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಮೊದಲು ತೆರೆ ಕಂಡಿತು, ಮರುವರ್ಷ ಅಮೆರಿಕ ಮತ್ತು ಕೆನಡಾದ ಚಿತ್ರಮಂದಿರಗಳಿಗೆ ಬಂತು. ಶ್ರೌಡ್ ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆ. ಚಿತ್ರದ ನಾಯಕ ಕಾರ್ಶ್ ಕಂಡುಹಿಡಿದಿರುವುದು ಅಂಥದೇ ಒಂದು ಬಟ್ಟೆಯನ್ನು, ಆದರೆ ಇದರೊಳಗೆ ಸಣ್ಣ ಸಣ್ಣ ಕ್ಯಾಮೆರಾಗಳನ್ನು ಹೆಣೆದಿದೆ. ಶವವನ್ನು ಅದರಲ್ಲಿ ಸುತ್ತಿ ಹೂಳಿದರೆ ಒಳಗಿನ ಮೂರು ಆಯಾಮದ ಚಿತ್ರ ಮೇಲಿನ ಗೋರಿಕಲ್ಲಿಗೂ ಬರುತ್ತದೆ, ಮನೆಯವರ ಫೋನಿಗೂ ಬರುತ್ತದೆ. ಕಂಪನಿಯ ಹೆಸರು ಗ್ರೇವ್‌ಟೆಕ್. ವಿಜ್ಞಾನದ ಕಲ್ಪನೆ ಇಷ್ಟೇ, ಇದಕ್ಕಿಂತ ದೊಡ್ಡ ಯಂತ್ರ ಚಿತ್ರದಲ್ಲಿಲ್ಲ. ಭಯದ ವಿಷಯ ಬೇರೆ. ಅದು ಯಂತ್ರದಿಂದ ಬರುವುದಿಲ್ಲ, ಅದನ್ನು ಮಾಡಿದವನಿಂದ ಬರುತ್ತದೆ.

ನಮ್ಮಲ್ಲಿ ‘ಸ್ಮಶಾನ ವೈರಾಗ್ಯ’ ಎಂಬ ಮಾತಿದೆ. ಚಿತೆಯ ಮುಂದೆ ನಿಂತಾಗ ಎಲ್ಲವೂ ನಶ್ವರ ಎನಿಸುತ್ತದೆ, ಮನೆಗೆ ಬಂದು ಸ್ನಾನ ಮಾಡಿ ಕಾಫಿ ಕುಡಿಯುವ ಹೊತ್ತಿಗೆ ಎಲ್ಲವೂ ಮರೆತಿರುತ್ತದೆ. ಅದನ್ನು ಗೇಲಿಯಾಗಿಯೇ ಆಡುತ್ತೇವೆ. ಈ ಚಿತ್ರವನ್ನು ಎರಡನೇ ಸಲ ನೋಡುವಾಗ ನನಗೆ ಹೊಳೆದದ್ದು, ಇದು ಆ ವೈರಾಗ್ಯ ಬಾರದೇ ಹೋದವನ ಕಥೆ ಎಂಬುದು. ಸ್ಮಶಾನದಲ್ಲೇ ವ್ಯಾಪಾರ ಮಾಡುತ್ತಾನೆ, ಅಲ್ಲೇ ಉಣ್ಣುತ್ತಾನೆ, ಹೆಂಡತಿಯ ಪಕ್ಕದಲ್ಲಿ ತನಗೂ ಜಾಗ ಕಾದಿರಿಸಿಕೊಂಡಿದ್ದಾನೆ. ಒಂದು ಘಳಿಗೆಗೂ ಅಂಟು ಸಡಿಲವಾಗುವುದಿಲ್ಲ. ಅವನನ್ನು ಒಂದು ಪ್ರಕರಣವಾಗಿ ನೋಡಹೊರಟಿರುವುದು ಅದಕ್ಕೇ.

ಚಿತ್ರ ಮಾಡಿದವರ ಹಿನ್ನೆಲೆ

ಕ್ರೋನೆನ್‌ಬರ್ಗ್ ಹುಟ್ಟಿದ್ದು 1943ರಲ್ಲಿ, ಟೊರಾಂಟೊದ ಯಹೂದಿ ಮನೆತನದಲ್ಲಿ. ತಾನು ನಾಸ್ತಿಕ ಎಂದು ಮೊದಲಿನಿಂದಲೂ ಹೇಳಿಕೊಂಡು ಬಂದವರು. 1979ರಲ್ಲಿ ಕ್ಯಾರಲಿನ್ ಝೈಫ್‌ಮನ್ ಅವರನ್ನು ಮದುವೆಯಾದರು, 2017ರಲ್ಲಿ ಆಕೆ ತೀರಿಕೊಂಡರು. ಮೂವತ್ತೆಂಟು ವರ್ಷದ ದಾಂಪತ್ಯ. ಅದಾದ ಮೇಲೆ ಸಿನಿಮಾ ಮಾಡುವ ಮನಸ್ಸೇ ಹೋಗಿತ್ತು ಎಂದು ಸಂದರ್ಶನಗಳಲ್ಲಿ ಹೇಳಿದ್ದಾರೆ. ಹೆಂಡತಿಯನ್ನು ಹೂಳುವಾಗ ಆ ಪೆಟ್ಟಿಗೆಯೊಳಗೆ ತಾನೂ ಇಳಿದುಬಿಡಬೇಕು ಎನಿಸಿತ್ತಂತೆ. ಆ ಮಾತು ಹೆಚ್ಚುಕಡಿಮೆ ಹಾಗೇ ಕಾರ್ಶ್‌ನ ಬಾಯಿಗೆ ಬಂದಿದೆ.

ನಡುವೆ ಒಂದು ವಿಚಿತ್ರ ಪ್ರಸಂಗ. 2021ರಲ್ಲಿ ಅವರ ಮಗಳು ಕೇಟ್ಲಿನ್ ಸುಮಾರು ಒಂದು ನಿಮಿಷದ ಚಿತ್ರ ತೆಗೆದರು. ಅದರಲ್ಲಿ ಕ್ರೋನೆನ್‌ಬರ್ಗ್ ಮಲಗುವ ಕೋಣೆಗೆ ಬಂದು ಮಂಚದ ಮೇಲಿರುವ ತನ್ನದೇ ಹೆಣದ ಪಕ್ಕ ಮಲಗಿ ಅದನ್ನು ತಬ್ಬಿಕೊಳ್ಳುತ್ತಾರೆ. ಹೆಣ ಒಂದು ಗೊಂಬೆ, ಯಾವುದೋ ಟಿವಿ ಸರಣಿಗಾಗಿ ಮಾಡಿಸಿದ್ದು. ‘ದಿ ಶ್ರೌಡ್ಸ್’ ಚಿತ್ರದ ಬೀಜ ಅಲ್ಲೇ ಇದೆ ಅನಿಸುತ್ತದೆ. ಅವರಿಗೆ ಹೆಣ ದೂರ ಸರಿಯಬೇಕಾದ ವಸ್ತುವಲ್ಲ, ತಬ್ಬಿಕೊಳ್ಳಬೇಕಾದದ್ದು.

ಇಲ್ಲೊಂದು ಎಚ್ಚರ ಬೇಕು. ಕಾರ್ಶ್ ಪಾತ್ರ ಮಾಡಿದ ಫ್ರೆಂಚ್ ನಟ ವಿನ್ಸೆಂಟ್ ಕಸೆಲ್ ಅವರ ಕೂದಲನ್ನು ನಿರ್ದೇಶಕರ ಹಾಗೆಯೇ ಬೆಳ್ಳಗೆ, ಮೇಲಕ್ಕೆ ಬಾಚಿದ್ದಾರೆ. ನೋಡಿದವರೆಲ್ಲ ಮೊದಲು ಹೇಳಿದ್ದು ಅದನ್ನೇ. ಹಾಗೆಂದು ಇದು ಆತ್ಮಕಥೆ ಎಂದು ಓದಿದರೆ ಅರ್ಧ ಚಿತ್ರ ಕೈತಪ್ಪುತ್ತದೆ. ದುಃಖವನ್ನು ತೊಳೆದುಕೊಳ್ಳಲು ಸಿನಿಮಾ ಮಾಡಿದೆ ಎಂಬ ಮಾತನ್ನು ಕ್ರೋನೆನ್‌ಬರ್ಗ್ ಒಪ್ಪುವುದೇ ಇಲ್ಲ. ಇದನ್ನು ಮಾಡಿದ್ದರಿಂದ ಮನಸ್ಸು ಹಗುರವಾಗಲಿಲ್ಲ, ದುಃಖ ಹೋಗುವಂಥದಲ್ಲ ಎಂಬುದು ಅವರ ನಿಲುವು.

ದುಡ್ಡಿನ ಕಥೆ

ಮೊದಲು ಇದು ನೆಟ್‌ಫ್ಲಿಕ್ಸ್ ಸರಣಿಯಾಗಬೇಕಿತ್ತು. ಕ್ರೋನೆನ್‌ಬರ್ಗ್ ಹೋಗಿ ಕಥೆ ಹೇಳಿದರು, ಅವರು ಮೊದಲ ಕಂತು ಬರೆಯಲು ಹಣ ಕೊಟ್ಟರು, ಮೆಚ್ಚಿ ಎರಡನೆಯದನ್ನೂ ಬರೆಸಿದರು, ಆಮೇಲೆ ಬೇಡ ಎಂದರು. ಕಾರ್ಶ್ ದೇಶದಿಂದ ದೇಶಕ್ಕೆ ಹೋಗಿ ಹೊಸ ಹೊಸ ಸ್ಮಶಾನ ಕಟ್ಟುತ್ತಾನೆ, ಒಂದೊಂದು ಕಂತಿನಲ್ಲಿ ಒಂದೊಂದು ದೇಶ ಎಂಬುದು ಆಗಿನ ಯೋಜನೆ. ಅದರ ಕುರುಹು ಚಿತ್ರದಲ್ಲಿ ಉಳಿದಿದೆ. ಐಸ್‌ಲ್ಯಾಂಡಿನಲ್ಲೊಂದು ಸ್ಮಶಾನ, ಬುಡಾಪೆಸ್ಟಿನಲ್ಲೊಂದು ಎಂದು ಪಾತ್ರಗಳು ಮಾತಾಡುತ್ತಲೇ ಇರುತ್ತವೆ, ನಾವು ಮಾತ್ರ ಟೊರಾಂಟೊ ಬಿಟ್ಟು ಕದಲುವುದಿಲ್ಲ.

ಕೊನೆಗೆ ಕೈ ಹಿಡಿದವರು ಯಾವ ಹಾಲಿವುಡ್ ಸ್ಟುಡಿಯೋದವರೂ ಅಲ್ಲ. ಪ್ಯಾರಿಸ್ಸಿನ ನಿರ್ಮಾಪಕ ಸಯೀದ್ ಬೆನ್ ಸಯೀದ್, ಕೆನಡಾದ ಮಾರ್ಟಿನ್ ಕಾಟ್ಜ್, ಜತೆಗೆ ಸ್ಯಾಂ ಲೊರಾಂ ಎಂಬ ಫ್ಯಾಷನ್ ಮನೆ. ಸ್ಯಾಂ ಲೊರಾಂ 2023ರಲ್ಲಿ ತನ್ನದೇ ಸಿನಿಮಾ ಸಂಸ್ಥೆ ತೆರೆದಿತ್ತು. ಉಡುಪು ಹೊಲಿಯುವ ಕಂಪನಿ ಹೆಣದ ಬಟ್ಟೆಯ ಕಥೆಗೆ ದುಡ್ಡು ಹಾಕಿದ್ದು ಕಾಕತಾಳೀಯವೇ ಇರಬಹುದು, ಆದರೆ ಕಾರ್ಶ್‌ನ ಆ ಇಸ್ತ್ರಿ ಮುರಿಯದ ಕಪ್ಪು ಸೂಟುಗಳನ್ನು ನೋಡುವಾಗ ನಗು ತಡೆಯಲಾಗಲಿಲ್ಲ. ಸಂಗೀತ ಹೊವಾರ್ಡ್ ಶೋರ್ ಅವರದು. 1979ರಿಂದ ಕ್ರೋನೆನ್‌ಬರ್ಗ್ ಜತೆ ಕೆಲಸ ಮಾಡುತ್ತಿರುವವರು.

ದೊಡ್ಡ ಹಣ ಇಲ್ಲದಿರುವುದು ಚಿತ್ರದಲ್ಲಿ ಕಾಣುತ್ತದೆ. ಹೆಚ್ಚಿನ ದೃಶ್ಯಗಳಲ್ಲಿ ಇಬ್ಬರು ಕೂತು ಮಾತಾಡುತ್ತಿರುತ್ತಾರೆ, ಕಾರಿನಲ್ಲೋ ಮನೆಯಲ್ಲೋ ಪರದೆಯ ಮುಂದೆಯೋ. ನನಗೆ ಅದು ಕೊರತೆ ಅನಿಸಲಿಲ್ಲ. ಸಾವಿನ ಮನೆಯಲ್ಲಿ ನಡೆಯುವುದೂ ಅದೇ ಅಲ್ಲವೇ, ಕೂತು ಮಾತಾಡುವುದು.

ಹಿಂತಿರುಗಿ ನೋಡಿದವನು

ಚಿತ್ರದ ಮೊದಲಿಗೇ ಕಾರ್ಶ್ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದಾನೆ. ದುಃಖ ನಿನ್ನ ಹಲ್ಲುಗಳನ್ನು ಕೊಳೆಸುತ್ತಿದೆ ಎಂದು ಡಾಕ್ಟರು ಹೇಳುತ್ತಾರೆ. ಒಂದೇ ವಾಕ್ಯದಲ್ಲಿ ಇಡೀ ಚಿತ್ರ ಬಂದುಬಿಟ್ಟಿತು. ಮಣ್ಣಿನ ಕೆಳಗಿರುವವಳು ಕೊಳೆಯುತ್ತಿದ್ದಾಳೆ, ಮೇಲಿರುವವನೂ ಕೊಳೆಯುತ್ತಿದ್ದಾನೆ, ಇಬ್ಬರೂ ಜತೆಜತೆಗೆ.

ಹೆಂಡತಿ ಬೆಕ್ಕಾ ಯಹೂದಿ, ಹಾಗಾಗಿ ಸುಡಲಿಲ್ಲ, ಹೂಳಿದರು. ಆತ್ಮಕ್ಕೆ ದೇಹ ಬಿಟ್ಟು ಹೋಗಲು ಮನಸ್ಸಿರುವುದಿಲ್ಲ, ಅದು ಸುತ್ತಲೇ ಸುಳಿಯುತ್ತಿರುತ್ತದೆ, ದೇಹ ನಿಧಾನವಾಗಿ ಕರಗಿದರೆ ಆತ್ಮವೂ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಕಾರ್ಶ್ ವಿವರಿಸುತ್ತಾನೆ. ಅವನಿಗೆ ಅದರಲ್ಲಿ ನಂಬಿಕೆ ಇಲ್ಲ. ಆದರೆ ಬಿಟ್ಟುಹೋಗಲು ಮನಸ್ಸಿಲ್ಲದೆ ಸುಳಿಯುತ್ತಿರುವುದು ಯಾರು ಎಂದು ನೋಡುವವರಿಗೆ ಗೊತ್ತಾಗುತ್ತದೆ.

ಯಹೂದಿಗಳಲ್ಲಿ ದುಃಖಕ್ಕೆ ಒಂದು ಪಂಚಾಂಗವೇ ಇದೆ. ಬಿಳಿ ಬಟ್ಟೆಯಲ್ಲಿ ಸುತ್ತಿ ಬೇಗನೆ ಹೂಳಬೇಕು, ಏಳು ದಿನ ಮನೆಯಲ್ಲೇ ಕೂರಬೇಕು, ಮೂವತ್ತನೆಯ ದಿನಕ್ಕೆ ಇನ್ನೊಂದು ಹಂತ, ತಂದೆ ತಾಯಿಗಾದರೆ ಹನ್ನೊಂದು ತಿಂಗಳು ಪ್ರಾರ್ಥನೆ. ನಮ್ಮಲ್ಲಿಯೂ ಹಾಗೇ. ಹೂಳುವ ಮನೆಗಳಲ್ಲಿ ಮೂರನೇ ದಿನ ಸಮಾಧಿಗೆ ಹಾಲು ತುಪ್ಪ, ಆಮೇಲೆ ಹನ್ನೊಂದು, ಹದಿಮೂರು, ಮಾಸಿಕ, ವರ್ಷದ ತಿಥಿ. ಸುಡುವವರಲ್ಲಿ ಮಡಕೆ ಹೊತ್ತು ಸುತ್ತು ಬಂದವನು ಅದನ್ನು ಹಿಂದಕ್ಕೆ ಒಡೆದು ಹೊರಟುಬಿಡಬೇಕು, ತಿರುಗಿ ನೋಡಬಾರದು. ‘ಹಿಂದಕ್ಕೆ ನೋಡ್ಬೇಡಪ್ಪ, ನಡಿ’ ಎಂದು ಯಾರಾದರೂ ಹಿರಿಯರು ಹೆಗಲ ಮೇಲೆ ಕೈಯಿಟ್ಟು ಮುಂದೆ ತಳ್ಳುತ್ತಾರೆ. ಕ್ರೂರ ಅನಿಸಬಹುದು, ಆದರೆ ಆ ತಳ್ಳುವಿಕೆಯೇ ಬಹಳ ಮಂದಿಯನ್ನು ಮನೆ ತಲುಪಿಸುವುದು. ಸೂತಕಕ್ಕೂ ಇಷ್ಟು ದಿನ ಎಂಬ ಲೆಕ್ಕ ಉಂಟು.

ಕಾರ್ಶ್‌ಗೆ ಅಂಥ ಲೆಕ್ಕ ಇಲ್ಲ. ಧರ್ಮ ಬಿಟ್ಟವನಿಗೆ ಧರ್ಮ ಕೊಡುವ ಗಡುವೂ ಇಲ್ಲವಾಯಿತು. ಅವನ ಹೆಗಲ ಮೇಲೆ ಕೈಯಿಡುವ ಹಿರಿಯರೂ ಇಲ್ಲ. ಬದಲಿಗೆ ಫೋನಿನಲ್ಲಿ ಒಂದು ಆ್ಯಪ್ ಇದೆ, ಅದು ಯಾವ ಹೊತ್ತಿನಲ್ಲಾದರೂ ಹಿಂದಕ್ಕೆ ನೋಡಲು ಬಿಡುತ್ತದೆ.

ವೈದ್ಯಶಾಸ್ತ್ರಕ್ಕೂ ಈಗ ಒಂದು ಗಡುವು ಇದೆ ಅನ್ನಿ. 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ದೀರ್ಘಕಾಲದ ಶೋಕವನ್ನು ಒಂದು ಕಾಯಿಲೆಯಾಗಿ ಸೇರಿಸಿದರು. ದೊಡ್ಡವರಲ್ಲಿ ಕನಿಷ್ಠ ಹನ್ನೆರಡು ತಿಂಗಳು ಕಳೆದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆರೇ ತಿಂಗಳು. ಲಕ್ಷಣಗಳನ್ನು ಓದಿದರೆ ಕಾರ್ಶ್‌ಗೆ ಸಾಕಷ್ಟು ಹೊಂದುತ್ತವೆ. ಆದರೆ ಅವನು ಕೆಲಸ ಮಾಡುತ್ತಾನೆ, ಊಟ ಮಾಡುತ್ತಾನೆ, ಹೂಡಿಕೆದಾರರ ಜತೆ ನಗುತ್ತಾನೆ. ದುಃಖ ಅವನನ್ನು ಕೆಲಸಕ್ಕೆ ಬಾರದವನನ್ನಾಗಿ ಮಾಡಲಿಲ್ಲ, ಉದ್ಯಮಿಯನ್ನಾಗಿ ಮಾಡಿತು. ಕೈಪಿಡಿಗೆ ಇಂಥವನನ್ನು ಎಲ್ಲಿ ಹಾಕಬೇಕೆಂದು ಗೊತ್ತಾಗಲಿಕ್ಕಿಲ್ಲ.

ಕೊಳೆಯುವುದನ್ನು ನೋಡುವ ಎರಡು ರೀತಿ

ಹೆಣ ಕೊಳೆಯುವುದನ್ನು ಕೂತು ನೋಡುವುದು ಹೊಸ ಕಲ್ಪನೆಯಲ್ಲ, ಅದು ನಮ್ಮ ನೆಲದಲ್ಲೇ ಎರಡು ಸಾವಿರ ವರ್ಷಕ್ಕೂ ಹಳೆಯದು. ಪಾಲಿ ಭಾಷೆಯ ಸತಿಪಟ್ಠಾನ ಸುತ್ತದಲ್ಲಿ ಬುದ್ಧ ಭಿಕ್ಷುಗಳಿಗೆ ಸ್ಮಶಾನದ ಒಂಬತ್ತು ಧ್ಯಾನಗಳನ್ನು ಹೇಳುತ್ತಾನೆ. ಸತ್ತು ಒಂದೆರಡು ಮೂರು ದಿನವಾಗಿ ಊದಿಕೊಂಡು ನೀಲಿಗಟ್ಟಿದ ದೇಹ. ಕಾಗೆ, ಹದ್ದು, ನಾಯಿ, ನರಿ ತಿನ್ನುತ್ತಿರುವ ದೇಹ. ನರಗಳು ಹಿಡಿದಿಟ್ಟಿರುವ ಎಲುಬಿನ ಗೂಡು. ದಿಕ್ಕಿಗೊಂದು ಚೆದುರಿದ ಮೂಳೆಗಳು. ಶಂಖದ ಹಾಗೆ ಬೆಳ್ಳಗಾದ ಮೂಳೆಗಳು. ಕೊನೆಗೆ ಪುಡಿ. ಒಂದೊಂದನ್ನೂ ನೋಡುತ್ತ ಭಿಕ್ಷು ಅಂದುಕೊಳ್ಳಬೇಕಾದದ್ದು ಒಂದೇ, ನನ್ನ ಈ ದೇಹವೂ ಇದೇ ಸ್ವಭಾವದ್ದು, ಇದರಿಂದ ತಪ್ಪಿಸಿಕೊಳ್ಳಲಾರದು.

ಕಾರ್ಶ್ ನೋಡುವುದೂ ಅದೇ ದೃಶ್ಯವನ್ನು, ಅದೇ ಹಂತಗಳನ್ನು. ಆದರೆ ಭಿಕ್ಷು ನೋಡುವುದು ಯಾರದ್ದೋ ಹೆಣವನ್ನು, ಬಿಡುವುದಕ್ಕಾಗಿ. ಕಾರ್ಶ್ ನೋಡುವುದು ಬೆಕ್ಕಾಳದೇ ಹೆಣವನ್ನು, ಹಿಡಿದುಕೊಳ್ಳುವುದಕ್ಕಾಗಿ. ತಾನು ನಿಜವಾಗಿ ಬದುಕಿದ್ದು ಬೆಕ್ಕಾಳ ದೇಹದಲ್ಲೇ ಎಂಬರ್ಥದ ಮಾತು ಅವನು ಆಡುತ್ತಾನೆ. ಮನೆ ಬಿದ್ದುಹೋಗುತ್ತಿರುವಾಗಲೂ ಜಗುಲಿ ಬಿಡದೆ ಕೂತ ಮುದುಕರಿರುತ್ತಾರಲ್ಲ, ಹಾಗೆ. ಒಂದೇ ಮದ್ದು, ಒಬ್ಬನಿಗೆ ವೈರಾಗ್ಯ ಕೊಟ್ಟಿತು, ಇನ್ನೊಬ್ಬನಿಗೆ ವ್ಯಾಮೋಹ ಬೆಳೆಸಿತು. ದೂರದಿಂದ ನೋಡಲು ಬಿಡುವ ಪರದೆಗೂ ಇದರಲ್ಲಿ ಪಾಲಿದೆ. ಭಿಕ್ಷುವಿಗೆ ವಾಸನೆ ಬಡಿಯುತ್ತಿತ್ತು, ನೊಣ ಮುತ್ತುತ್ತಿತ್ತು. ಕಾರ್ಶ್‌ನ ಹೆಂಡತಿ ಕೊಳೆಯುತ್ತಿರುವುದು ವಾಸನೆಯಿಲ್ಲದೆ, ಒಳ್ಳೆಯ ಸ್ಪಷ್ಟತೆಯಲ್ಲಿ, ಬೆರಳಿನಿಂದ ತಿರುಗಿಸಿ ನೋಡಬಹುದಾದ ಚಿತ್ರವಾಗಿ.

ಒಂದು ರಾತ್ರಿ ಯಾರೋ ಬಂದು ಗೋರಿಗಳನ್ನು ಒಡೆದುಹಾಕುತ್ತಾರೆ. ಬೆಕ್ಕಾಳದೂ ಅದರಲ್ಲಿ ಸೇರಿದೆ. ಪ್ರಸಾರವೂ ನಿಲ್ಲುತ್ತದೆ, ಜಾಲಕ್ಕೆ ಯಾರೋ ಕನ್ನ ಹಾಕಿದ್ದಾರೆ. ಅವನಿಗೆ ಇದು ಎರಡನೇ ಸಾವು. ಮೊದಲ ಸಾವಿನಲ್ಲಿ ದೇಹವಾದರೂ ಉಳಿದಿತ್ತು.

ಸಂಚು ಎಂಬ ಸಾಂತ್ವನ

ಇಲ್ಲಿಂದ ಚಿತ್ರ ಪತ್ತೇದಾರಿ ದಾರಿ ಹಿಡಿಯುತ್ತದೆ, ಸ್ವಲ್ಪ ಕುಂಟುತ್ತದೆ ಕೂಡ. ಬೆಕ್ಕಾಳ ಎಲುಬುಗಳ ಮೇಲೆ ವಿಚಿತ್ರ ಗಂಟುಗಳು ಕಂಡಿದ್ದವು, ಅವೇನು? ಚಿಕಿತ್ಸೆ ಮಾಡಿದ ಕ್ಯಾನ್ಸರ್ ಡಾಕ್ಟರು ಅವಳ ಹಳೆಯ ಪ್ರಿಯಕರ, ಅವನೇನಾದರೂ ಪ್ರಯೋಗ ಮಾಡಿದನೇ? ಚೀನಾದವರೇ, ರಷ್ಯಾದವರೇ? ಗ್ರೇವ್‌ಟೆಕ್‌ನ ಗಣಕ ವ್ಯವಸ್ಥೆ ಕಟ್ಟಿಕೊಟ್ಟ ಮೌರಿ (ಗೈ ಪಿಯರ್ಸ್) ಬೆಕ್ಕಾಳ ಅಕ್ಕತಂಗಿಯಾದ ಟೆರಿಯ ಮಾಜಿ ಗಂಡ, ಸದಾ ಗುಮಾನಿಯ ಮನುಷ್ಯ. ಯಾವ ಪ್ರಶ್ನೆಗೂ ಗಟ್ಟಿ ಉತ್ತರ ಸಿಗುವುದಿಲ್ಲ. ಕಾನ್‌ನಲ್ಲಿ ನೋಡಿದ ಹಲವರು ತಕರಾರು ಎತ್ತಿದ್ದು ಇದರ ಬಗ್ಗೆ. ಸರಣಿಗೆಂದು ಬಿತ್ತಿದ ಕಥೆ ಚಿತ್ರದಲ್ಲಿ ತೆನೆಗಟ್ಟಲಿಲ್ಲ ಎಂಬ ಆಕ್ಷೇಪ. ಅದರಲ್ಲಿ ಸತ್ಯವಿದೆ. ಮೌರಿಯ ಉದ್ದುದ್ದ ವಿವರಣೆಗಳು ನಡುವೆ ಬೇಸರ ತರಿಸುತ್ತವೆ.

ಆದರೂ ನಾನು ಈ ಗೋಜಲಿನ ಪರ ಒಂದು ಮಾತು ಹೇಳುತ್ತೇನೆ. ಸಾವಿನ ಮನೆಯಲ್ಲಿ ಎಷ್ಟು ಸಲ ಕೇಳಿಲ್ಲ, ‘ಆ ಡಾಕ್ಟರಿಗೆ ತೋರಿಸದೆ ಇದ್ದಿದ್ರೆ’, ‘ಆ ಆಪರೇಷನ್ ಬೇಡ ಅಂದಿದ್ವಿ’, ‘ಯಾರೋ ಏನೋ ಮಾಡಿಸಿದಾರೆ’ ಎಂಬ ಮಾತುಗಳನ್ನು? ಕಾರಣವಿಲ್ಲದ ಸಾವಿಗಿಂತ ಕೊಲೆಯೇ ವಾಸಿ ಎನಿಸುವ ಹೊತ್ತದು. ಜೀವಕೋಶಗಳು ಸುಮ್ಮನೆ ಲೆಕ್ಕ ತಪ್ಪಿ ಬೆಳೆದವು ಎನ್ನುವುದನ್ನು ಯಾರ ಮೇಲೂ ಹೊರಿಸಲಾಗದು, ಸಂಚನ್ನು ಹೊರಿಸಬಹುದು. ದುಃಖಕ್ಕೂ ಸಂಚಿನ ಕಲ್ಪನೆಗೂ ಇರುವ ಈ ನಂಟನ್ನು ಕ್ರೋನೆನ್‌ಬರ್ಗ್ ಸ್ವತಃ ಸಂದರ್ಶನಗಳಲ್ಲಿ ಎತ್ತಿದ್ದಾರೆ. ಚಿತ್ರದಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಟೆರಿಗೆ ಸಂಚಿನ ಮಾತು ಕೇಳಿದರೆ ಮೈ ಬಿಸಿಯಾಗುತ್ತದೆ. ಅವಳೂ ಕಾರ್ಶ್‌ನೂ ಹತ್ತಿರವಾಗುವುದು ಆ ದಾರಿಯಿಂದಲೇ. ನಗಬೇಕೋ ಬೇಡವೋ ಗೊತ್ತಾಗದ ದೃಶ್ಯ. ನಾನಂತೂ ನಕ್ಕೆ.

ಬೆಕ್ಕಾ ಮತ್ತು ಟೆರಿ ಇಬ್ಬರ ಪಾತ್ರವನ್ನೂ ಡಯೇನ್ ಕ್ರೂಗರ್ ಮಾಡಿದ್ದಾರೆ. ಸಾಲದ್ದಕ್ಕೆ ಕಾರ್ಶ್‌ನ ಫೋನಿನಲ್ಲಿರುವ ಹನ್ನಿ ಎಂಬ ಕೃತಕ ಬುದ್ಧಿಯ ಸಹಾಯಕಿಯ ದನಿಯೂ ಅವರದೇ. ಸತ್ತವಳು, ಸತ್ತವಳನ್ನು ಹೋಲುವವಳು, ಸತ್ತವಳ ಹಾಗೆ ಮಾತಾಡುವ ಯಂತ್ರ. ಮೂವರನ್ನು ಸೇರಿಸಿದರೂ ಒಬ್ಬಳು ಬೆಕ್ಕಾ ಆಗುವುದಿಲ್ಲ.

ನಿಜವಾಗಿ ಎದೆ ನಡುಗಿಸಿದ್ದು ಗೋರಿಯ ದೃಶ್ಯಗಳಲ್ಲ, ಮಲಗುವ ಕೋಣೆಯವು. ಕನಸಿನಲ್ಲೋ ನೆನಪಿನಲ್ಲೋ ಬೆಕ್ಕಾ ಚಿಕಿತ್ಸೆ ಮುಗಿಸಿ ಬತ್ತಲೆಯಾಗಿ ಬರುತ್ತಾಳೆ, ಒಂದೊಂದು ಸಲವೂ ಒಂದೊಂದು ಕಡಿಮೆಯಾಗಿ. ಒಮ್ಮೆ ಮೊಲೆ ಇಲ್ಲ, ಒಮ್ಮೆ ತೋಳಿಲ್ಲ, ಹೊಲಿಗೆಯ ಗೆರೆಗಳು ಇನ್ನೂ ಹಸಿ. ಕಾರ್ಶ್ ಅಪ್ಪಿಕೊಳ್ಳುತ್ತಾನೆ. ಟೊಳ್ಳಾದ ಸೊಂಟದ ಮೂಳೆ ಲಟಕ್ಕೆಂದು ಮುರಿಯುತ್ತದೆ. ಕ್ಯಾನ್ಸರ್ ರೋಗಿಯನ್ನು ಮನೆಯಲ್ಲಿ ನೋಡಿಕೊಂಡವರಿಗೆ, ಮಗ್ಗುಲು ಬದಲಿಸುವಾಗ ಎಲ್ಲಿ ಹಿಡಿಯಬೇಕೆಂದು ಗೊತ್ತಾಗದೆ ಕೈ ನಡುಗಿದವರಿಗೆ, ಈ ಸದ್ದು ಬೇರೆಯೇ ಕೇಳುತ್ತದೆ. ಭಯಾನಕ ಚಿತ್ರಗಳಲ್ಲಿ ಮುಟ್ಟಲು ಹೆದರುವುದು ಭೂತವನ್ನು. ಇಲ್ಲಿ ಹೆದರಿಕೆ, ನನ್ನ ಮುಟ್ಟುವಿಕೆಯಿಂದಲೇ ನೋವಾದರೆ ಎಂಬುದು.

ಪರದೆ ಆರಿಸುವವರು, ಆರಿಸದವರು

ಗ್ರೇವ್‌ಟೆಕ್ ಕಲ್ಪನೆಯೇ ಇರಬಹುದು, ಅದರ ನೆಂಟರು ನಮ್ಮ ನಡುವೆ ಇದ್ದಾರೆ. 2015ರಲ್ಲಿ ಮಾಸ್ಕೋದ ರಸ್ತೆ ಅಪಘಾತದಲ್ಲಿ ಗೆಳೆಯನನ್ನು ಕಳೆದುಕೊಂಡ ಯುಜೀನಿಯಾ ಕುಯ್ಡಾ ಅವನ ಹಳೆಯ ಮೆಸೇಜುಗಳಿಂದಲೇ ಅವನ ಹಾಗೆ ಉತ್ತರ ಕೊಡುವ ಚಾಟ್‌ಬಾಟ್ ಮಾಡಿದರು. 2020ರಲ್ಲಿ ದಕ್ಷಿಣ ಕೊರಿಯಾದ ಟಿವಿ ವಾಹಿನಿಯೊಂದು ಮಗಳನ್ನು ಕಳೆದುಕೊಂಡ ತಾಯಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿ ಆ ಮಗುವನ್ನು ‘ಭೇಟಿ’ ಮಾಡಿಸಿತು. ತಾಯಿ ಗಾಳಿಯಲ್ಲಿ ಕೈಯಾಡಿಸಿ ಮಗುವನ್ನು ಸವರಲು ನೋಡುವ ಆ ತುಣುಕು ಊರೆಲ್ಲ ಹರಿದಾಡಿತು. ಇನ್ನು ಕೋವಿಡ್ ದಿನಗಳಲ್ಲಿ ಅಮೆರಿಕದಲ್ಲೋ ದುಬೈಯಲ್ಲೋ ಸಿಕ್ಕಿಕೊಂಡಿದ್ದ ಎಷ್ಟೋ ಕನ್ನಡದ ಮಕ್ಕಳು ಅಪ್ಪ ಅಮ್ಮನ ಚಿತೆಯನ್ನು ನೋಡಿದ್ದು ಸಂಬಂಧಿಯೊಬ್ಬರು ಹಿಡಿದ ಫೋನಿನಲ್ಲೇ. ಆದರೆ ಅಲ್ಲೂ ಒಂದು ಘಳಿಗೆ ಬರುತ್ತಿತ್ತು. ಫೋನ್ ಹಿಡಿದವರು ‘ಸಾಕು ಕಣೋ, ಇಟ್ಬಿಡ್ತೀನಿ’ ಎನ್ನುತ್ತಿದ್ದರು. ಹೆಗಲ ಮೇಲಿನ ಕೈ ಆ ಮಾತಿನಲ್ಲೇ ಇರುತ್ತಿತ್ತು.

ಕಾರ್ಶ್‌ಗೆ ಆ ಮಾತು ಹೇಳುವವರು ಕೊನೆಗೂ ಸಿಗುವುದಿಲ್ಲ, ಸಿಗುವುದು ಸೂ-ಮಿನ್ (ಸಾಂಡ್ರೀನ್ ಹೋಲ್ಟ್). ಸಾವಿನ ಹಾಸಿಗೆಯಲ್ಲಿರುವ ಹಂಗೇರಿಯ ಸಿರಿವಂತನ ಹೆಂಡತಿ. ಗಂಡನಿಗಾಗಿ ಬುಡಾಪೆಸ್ಟಿನಲ್ಲಿ ಗ್ರೇವ್‌ಟೆಕ್ ಸ್ಮಶಾನ ಕಟ್ಟಿಸುವ ಮಾತಿಗೆ ಬಂದವಳು. ಅವಳಿಗೆ ಕಣ್ಣು ಕಾಣದು. ನೋಡುವ ಯಂತ್ರ ಕಟ್ಟಿದವನು ನೋಡಲಾಗದವಳ ಕೈಗೆ ಸಿಗುತ್ತಾನೆ. ಅವಳು ಮನುಷ್ಯರನ್ನು ತಿಳಿದುಕೊಳ್ಳುವುದು ಮುಟ್ಟಿ. ವರ್ಷಗಳಿಂದ ಪರದೆಯಲ್ಲೇ ಹೆಂಡತಿಯನ್ನು ಇಟ್ಟುಕೊಂಡಿದ್ದವನಿಗೆ ಜೀವಂತ ಬೆರಳುಗಳು ತಾಗುತ್ತವೆ. ಇಲ್ಲಿಗೆ ಬಿಡುಗಡೆ ಬಂತೇನೋ ಎಂದು ನನಗೂ ಅನಿಸಿತು.

ಕೊನೆಯ ದೃಶ್ಯ ವಿಮಾನದಲ್ಲಿ. ಇಬ್ಬರೂ ಬುಡಾಪೆಸ್ಟಿಗೆ ಹೊರಟಿದ್ದಾರೆ. ಕಾರ್ಶ್ ಪಕ್ಕಕ್ಕೆ ತಿರುಗಿ ನೋಡುತ್ತಾನೆ. ಸೂ-ಮಿನ್ ಮೈಮೇಲೆ ಬೆಕ್ಕಾಳ ಹೊಲಿಗೆಯ ಗುರುತುಗಳಿವೆ, ಒಂದು ತೋಳಿಲ್ಲ. ಅವನು ಕಿರುಚುವುದಿಲ್ಲ.